ರಾಣಿಗೋರಿಯ ಹಗ್ಗ

ರಾಣಿಗೋರಿಗೆ ಸೀರೆಯುಟ್ಟು ಬರುವ ಹೆಂಗಸರಿಗೆ ಬಾಗಿಲಲ್ಲೇ ಒಂದು ಪೈಜಾಮ ಕೊಡುತ್ತಾರೆ. ನೀಲಿ ಬಣ್ಣದ್ದು, ಲಾಡಿ ಇರುವಂಥದು, ಯಾರ ಸೊಂಟಕ್ಕಾದರೂ ಆದೀತು. ಮೊದಲ ಸಲ ಬಂದವರು ಇದೇನು ಅವಮಾನ ಎಂದು ಮುಖ ಸಿಂಡರಿಸುತ್ತಾರೆ. ಒಳಗೆ ಹೋಗಿ ಗಾಳಿಯಲ್ಲಿ ಒಂದು ಸಲ ತಲೆಕೆಳಗಾದ ಮೇಲೆ, ಆ ಪೈಜಾಮ ಹೊಲಿದ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ ಎನ್ನುತ್ತಾರೆ. ನಾನೂ ಹಾಗೇ ಅಂದವಳು.

ಆ ದೊಡ್ಡ ನಗರಕ್ಕೆ ಹೋದವರು ಬೇರೆ ಏನನ್ನು ನೋಡದಿದ್ದರೂ ರಾಣಿಗೋರಿ ನೋಡದೆ ಬರುವುದಿಲ್ಲ. ಯಾವುದೋ ಕಾಲದ ರಾಣಿಯೊಬ್ಬಳ ಸಮಾಧಿ ಅದು. ಕರಿಕಲ್ಲಿನ ಕಟ್ಟಡ, ಆನೆ ನುಗ್ಗುವಂಥ ಬಾಗಿಲು, ಮೇಲೆ ಕತ್ತೆತ್ತಿ ನೋಡಿದರೆ ಟೋಪಿ ಬೀಳುವಂಥ ಗುಂಬಜ್. ಎದುರಿನ ಅಂಗಳದಲ್ಲಿ ಅದನ್ನು ಕಟ್ಟಿದ ಕಲ್ಲುಕುಟಿಗರ ಸ್ಮಾರಕ ಇದೆ, ಅವರ ಹೆಸರುಗಳನ್ನೆಲ್ಲ ಕೊರೆದಿರುವ ಕಂಬ. ಗುಂಬಜಿನ ಒಳಗೆ ಹೂಬಳ್ಳಿ ಕೆತ್ತುವುದಕ್ಕೆ ಅವರಿಗೆ ಏಣಿಯೂ ಬೇಕಾಗಲಿಲ್ಲ, ಅಟ್ಟಣೆಯೂ ಬೇಕಾಗಲಿಲ್ಲ ಎನ್ನುತ್ತಾರೆ. ಹೊಸ್ತಿಲು ದಾಟಿದ ಯಾರಿಗೂ ಅಲ್ಲಿ ಭಾರ ಅನ್ನುವುದು ಇರುವುದಿಲ್ಲ, ಸುಮ್ಮನೆ ಮೇಲಕ್ಕೆ ಹೋಗಿಬಿಡುತ್ತಾರೆ. ಗೋರಿಯ ಮೇಲಿಟ್ಟ ಹೂವೂ ಹೋಗುತ್ತದೆ, ಜೇಬಿನಿಂದ ಜಾರಿದ ಕನ್ನಡಕವೂ ಹೋಗುತ್ತದೆ. ಊದುಬತ್ತಿಯ ಹೊಗೆ ಒಂದೇ ಕೆಳಗಿಳಿದು ಬಂದು ಹೊಸ್ತಿಲ ಹತ್ತಿರ ಬೆಕ್ಕಿನ ಹಾಗೆ ಸುತ್ತಿಕೊಂಡು ಮಲಗುತ್ತದೆ.

ಅದಕ್ಕೇ ಹಗ್ಗ. ಒಳಗೆ ಹೋಗುವವರ ಸೊಂಟಕ್ಕೆ ಒಂದು ತುದಿ, ಹೊಸ್ತಿಲ ಈಚೆ ನಿಂತವರ ಕೈಯಲ್ಲಿ ಇನ್ನೊಂದು ತುದಿ. ಕಂಬಕ್ಕೋ ಸರಳಿಗೋ ಕಟ್ಟಿದರೆ ನಿಲ್ಲುವುದಿಲ್ಲ, ಗಂಟು ತಾನೇ ಬಿಚ್ಚಿಕೊಳ್ಳುತ್ತದೆ, ಮನುಷ್ಯರ ಕೈಯೇ ಆಗಬೇಕು. ಮೇಲಿದ್ದವರು ‘ಸಾಕು’ ಅಂದ ಮೇಲೆ ಈಚೆಯವರು ಜಗ್ಗಿ ಇಳಿಸಿಕೊಳ್ಳುತ್ತಾರೆ. ಒಂಟಿಯಾಗಿ ಬಂದವರು ಯಾರಾದರೂ ಪರಿಚಯವಾಗುವವರೆಗೆ ಅಂಗಳದಲ್ಲೇ ಕಾಯಬೇಕು. ಹಾಗೆ ಹಗ್ಗ ಹಿಡಿದು ಶುರುವಾದ ಸ್ನೇಹಗಳು ಆ ನಗರದಲ್ಲಿ ಬೇಕಾದಷ್ಟಿವೆ.

ಮದುವೆ ಗೊತ್ತಾದವರು ಇಲ್ಲಿಗೆ ಬಂದು ಹೋಗುವ ಪದ್ಧತಿ ನಮ್ಮ ಸೀಮೆಯ ಊರುಗಳಲ್ಲೆಲ್ಲ ಇದೆ. ಹುಡುಗಿ ಒಳಗೆ, ಹುಡುಗ ಹೊಸ್ತಿಲಲ್ಲಿ. ಅವಳು ಸಾಕು ಅನ್ನುವ ಮೊದಲೇ ಜಗ್ಗಿದನೋ, ಕೈ ಸೋತು ಬಿಟ್ಟನೋ, ಸಂಬಂಧ ಅಲ್ಲಿಗೆ ಮುಗಿಯಿತು. ಹುಡುಗಿಯರೇನು ಕಮ್ಮಿಯೇ, ಮಧ್ಯಾಹ್ನ ದಾಟಿದರೂ ಸಾಕು ಅನ್ನದೆ ಸತಾಯಿಸುತ್ತಾರೆ. ಎರಡೂ ಕೈಯಲ್ಲಿ ಹಗ್ಗ ಹಿಡಿದು ನಿಂತ ಮಗನ ಬಾಯಿಗೆ ತಾಯಿ ಉಪ್ಪಿಟ್ಟು ಇಡುವುದು, ಹುಡುಗಿಯ ಅಣ್ಣ ತಮ್ಮಂದಿರು ಬೇಕೆಂದೇ ಅವನ ಮೂಗಿನ ಹತ್ತಿರ ನಶ್ಯದ ಡಬ್ಬಿ ತೆಗೆಯುವುದು, ಇವೆಲ್ಲ ಅಂಗಳದಲ್ಲಿ ದಿನಾ ನಡೆಯುವ ತಮಾಷೆ.

ನಾನು ಅಂಬುಜಾಕ್ಷಿ, ನಮ್ಮೂರಿನ ಹಿಟ್ಟಿನ ಗಿರಣಿಯವಳು. ಯಜಮಾನರು ತೀರಿಕೊಂಡ ಮೇಲೆ ಗಿರಣಿ ನಾನೇ ನಡೆಸಿದೆ, ಮಗಳು ಪ್ರಫುಲ್ಲಳನ್ನು ಓದಿಸಿದೆ, ಮದುವೆ ಮಾಡಿ ಪಕ್ಕದ ಬೀದಿಗೇ ಕೊಟ್ಟೆ. ನನ್ನ ತಲೆ ಬೆಳ್ಳಗಾದದ್ದು ವಯಸ್ಸಿಗೋ ಹಿಟ್ಟಿಗೋ ನನಗೇ ತಿಳಿಯದು. ಈ ತಲೆ ಇಟ್ಟುಕೊಂಡು ಮದುವೆಯ ಯೋಚನೆ ಮಾಡಿದೆ ಅಂದರೆ ನೀವು ನಗುತ್ತೀರಿ. ನಗಿ, ಅದಕ್ಕೇನಂತೆ, ನನಗೂ ಮೊದಮೊದಲು ನಗುವೇ ಬಂದದ್ದು.

ಕಾರಣ ಚಿದಂಬರಯ್ಯನವರು. ಪೇಟೆಯಲ್ಲಿ ಕೊಡೆ ಅಂಗಡಿ ಇಟ್ಟವರು, ಹೆಂಡತಿ ಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿಲ್ಲ. ಆಳು ಸಣ್ಣಕಡ್ಡಿ, ಮಾತು ಅದಕ್ಕಿಂತ ಸಣ್ಣ. ವಾರಕ್ಕೊಂದು ಸಲ ರಾಗಿ ಬೀಸಿಸಲು ಬರುತ್ತಿದ್ದವರು ಬರಬರುತ್ತಾ ದಿನ ಬಿಟ್ಟು ದಿನ ಬರತೊಡಗಿದರು. ಪ್ರತಿ ಸಲವೂ ಅಂಗೈಯಗಲದ ಒಂದು ಚೀಲ. ಒಂಟಿ ಮನುಷ್ಯ ಇಷ್ಟೊಂದು ಮುದ್ದೆ ತಿಂದು ಹೀಗೇಕೆ ಇದ್ದಾರೆ ಎಂದು ನನಗೆ ಸೋಜಿಗ. ಕೊನೆಗೆ ಕೇಳಿಯೇಬಿಟ್ಟೆ. ಅವರು ಚೀಲದ ದಾರ ಬಿಚ್ಚುತ್ತಾ, ಕಟ್ಟುತ್ತಾ, “ಹಿಟ್ಟು ಪಕ್ಕದ ಮನೆ ಹಸು ತಿಂತಿದೆ, ಅಂಬುಜಮ್ನೋರೆ. ಅದಕ್ಕೂ ಸಾಕಾಗಿರ್ಬೇಕು. ನನಗೆ ಮಾತ್ರ ಇಲ್ಲಿಗೆ ಬರೋದು ಸಾಕಾಗ್ತಿಲ್ಲ” ಅಂದರು. ಆವತ್ತು ನಾನು ಬೀಸುವ ಕಲ್ಲಿಗೆ ಗೋಧಿಯ ಬದಲು ಯಾರದೋ ಕಡಲೆ ಸುರಿದುಬಿಟ್ಟೆ.

ಪ್ರಫುಲ್ಲಳಿಗೆ ಹೇಳಿದಾಗ ಅವಳು ಮುಖ ಊದಿಸಿಕೊಂಡು ಎದ್ದು ಹೋದಳು. ಜನ ಏನಂತಾರೆ ಅಂದಳು. ಜನ ಹಿಟ್ಟು ಬೀಸಿಸಿಕೊಂಡು ಹೋಗ್ತಾರೆ ಬಿಡೇ ಅಂದೆ. ಆಮೇಲೆ ಒಂದು ಸಂಜೆ ಬಂದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ನಿಜವಾದ ಮಾತು ಆಡಿದಳು.

“ಅಲ್ಲಮ್ಮ, ನಾನು ಬೇಜಾರಾದಾಗ ಹೇಳ್ದೆ ಕೇಳ್ದೆ ಓಡಿ ಬರೋದು ಈ ಮನೆಗೆ. ನಾಳೆ ಅವರು ಇಲ್ಲಿ ಕೂತು ಪೇಪರ್ ಓದ್ತಿದ್ರೆ, ನಾನು ಬಾಗಿಲು ತಟ್ಟಿ ಬರ್ಬೇಕಾ?”

ನಾನು ಒಲೆಯ ಉರಿ ತಗ್ಗಿಸಿದೆ. ಅವಳೇ ಮೂಗು ಒರೆಸಿಕೊಂಡು ಕರಾರು ಹಾಕಿದಳು. “ರಾಣಿಗೋರಿಗೆ ಹೋಗೋಣ. ಎಲ್ಲರಂಗೆ ಅವರೂ ಹಗ್ಗ ಹಿಡಿದು ತೋರಿಸ್ಲಿ. ನೀನು ಸಾಕು ಅನ್ನೋವರೆಗೂ ಜಗ್ಗದೆ, ಬಿಡದೆ ಹಿಡ್ಕೊಂಡ್ರೆ ನಾನೇ ಮುಂದೆ ನಿಂತು ಮದುವೆ ಮಾಡಿಸ್ತೀನಿ. ಇಲ್ಲಾಂದ್ರೆ ಈ ಮಾತು ಇನ್ನು ಎತ್ತೋ ಹಾಗಿಲ್ಲ. ಒಪ್ತೀಯಾ?”

ಒಪ್ಪಿದೆ. ಮಗಳ ಮನಸ್ಸು ಮುರಿದು ನನಗೆ ಯಾವ ಸುಖವೂ ಬೇಡ ಎಂದು ಮೊದಲೇ ತೀರ್ಮಾನ ಮಾಡಿಕೊಂಡಿದ್ದೆ. ಆದರೆ ಒಳಗೊಳಗೆ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಬಸ್ಸಿನಲ್ಲಿ ಹೋದದ್ದು. ನಾನೂ ಮಗಳೂ ಒಂದು ಸೀಟಿನಲ್ಲಿ, ಚಿದಂಬರಯ್ಯನವರು ಹಿಂದೆ, ಹೊಸ ಪಂಚೆ, ಇಸ್ತ್ರಿ ಮಾಡಿದ ಅಂಗಿ. ಹೊಸ ಪಂಚೆ ಜಾರುತ್ತದೆ, ಬೆಲ್ಟ್ ಕಟ್ಟಿಕೊಳ್ಳಿ ಎಂದು ನಾನು ಹಿಂದಿನ ದಿನವೇ ಹೇಳಿಕಳಿಸಿದ್ದೆ. ಕೊಡೆ ಮಾರುವವರಿಗೆ ಗಂಟಿನ ಮೇಲೆ ಅದೇನು ನಂಬಿಕೆಯೋ, ಕಟ್ಟಿಕೊಂಡಿರಲಿಲ್ಲ. ದಾರಿಯುದ್ದಕ್ಕೂ ಅಂಗೈಗೆ ಹರಳೆಣ್ಣೆ ತಿಕ್ಕಿಕೊಂಡು ಕೂತಿದ್ದರು. ಯಾಕ್ರೀ ಅಂದರೆ, “ಕೈ ಬಿರುಸಾಗಿದ್ರೆ ಹಗ್ಗ ಕುಯ್ಯುತ್ತಂತೆ” ಅಂದರು. ಎಣ್ಣೆ ಕೈಯಲ್ಲಿ ಹಗ್ಗ ಜಾರುತ್ತೆ ಅಂತ ಪ್ರಫುಲ್ಲ ಕಿಟಕಿ ಕಡೆ ನೋಡುತ್ತಲೇ ಹೇಳಿದಳು. ಅವರು ಗಾಬರಿಯಾಗಿ ಮಿಕ್ಕ ದಾರಿಯೆಲ್ಲ ಕೈ ಒರೆಸಿಕೊಂಡರು.

ಗೋರಿಯ ಬಾಗಿಲು ಕಾಯುವವರು ದಸ್ತಗೀರ್ ಸಾಹೇಬರು, ಬಿಳಿ ಗಡ್ಡದ ಹಿರಿಯರು. ನಮ್ಮ ಮೂವರನ್ನೂ ಒಂದೊಂದು ಸಲ ನೋಡಿ, “ಹುಡುಗಿ ಈ ಅಮ್ಮನಾ?” ಎಂದು ಪ್ರಫುಲ್ಲಳನ್ನು ತೋರಿಸಿ ಕೇಳಿದರು. ಅಲ್ಲ, ನಾನು ಅಂದೆ. ಅವರ ಮುಖದಲ್ಲಿ ಒಂದು ಕೂದಲೂ ಅಲುಗಲಿಲ್ಲ. ಪೈಜಾಮ ಕೊಟ್ಟರು, ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುವ ರೀತಿ ತೋರಿಸಿದರು.

“ಮೊದ್ಲು ಗೋರಿಯ ಕಟಕಟೆ ಹಿಡಿದು ರಾಣಿಗೆ ಒಂದು ಸಲಾಂ ಮಾಡಿ, ತಾಯಿ. ಆಮೇಲೆ ಕೈ ಬಿಡಿ. ಈಜೋಕೆ ಹೋಗ್ಬೇಡಿ, ಅದೇ ಕರ್ಕೊಂಡು ಹೋಗ್ತದೆ.”

ಹೊಸ್ತಿಲು ದಾಟಿದ್ದೇ ತಡ, ನನ್ನ ಮಂಡಿನೋವು ಹೋಯಿತು. ಮೊದಲು ಗೊತ್ತಾದದ್ದು ಅದು. ಆಮೇಲೆ ಬೆನ್ನು ಹೋಯಿತು, ಹೆಗಲು ಹೋಯಿತು, ಗಿರಣಿಯ ಮೂಟೆ ಎತ್ತಿ ಎತ್ತಿ ಗಟ್ಟಿಯಾದ ಆ ಜಾಗವೆಲ್ಲ ಯಾರೋ ಬಿಚ್ಚಿಟ್ಟ ಹಾಗಾಯಿತು. ಕಟಕಟೆ ಹಿಡಿದು ಕೈ ಮುಗಿಯಲು ನೋಡಿದೆ, ಮುಗಿಯಬೇಕಾದರೆ ಕೈ ಬಿಡಬೇಕಲ್ಲ, ಬಿಟ್ಟೆ, ಅಷ್ಟೇ. ಸೆರಗು ಮುಂದೆ, ನಾನು ಹಿಂದೆ. ಒಂದು ಸುತ್ತು ಉರುಳಿದೆ. ನನ್ನ ಬಾಯಿಂದ ಒಂದು ನಗು ಹೊರಟಿತು ನೋಡಿ, ಅದು ನನ್ನದೇ ಅಂತ ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಮೇಲೆ ಒಂದು ಸಂತೆಯೇ ನೆರೆದಿತ್ತು. ಕರಿಕೋಟಿನ ವಕೀಲರೊಬ್ಬರು ಗುಂಬಜಿಗೆ ಹೊಟ್ಟೆ ತಾಗಿಸಿಕೊಂಡು ಗೊರಕೆ ಹೊಡೆಯುತ್ತಿದ್ದರು. ಪ್ರತಿ ಭಾನುವಾರ ಮಧ್ಯಾಹ್ನ ಬರುತ್ತಾರಂತೆ, ಹೆಂಡತಿ ಕೆಳಗೆ ಹಗ್ಗ ಹಿಡಿದು ಸ್ವೆಟರ್ ಹೆಣೆಯುವ ಗೆಳತಿಯರ ಜೊತೆ ಹರಟುತ್ತಾರಂತೆ. ಇಬ್ಬರು ಟೀಚರಮ್ಮಂದಿರು ಒಂದು ನಿಂಬೆಹಣ್ಣನ್ನು ಅತ್ತಿಂದಿತ್ತ ಊದಿ ಆಟ ಆಡುತ್ತಿದ್ದರು. ಎಷ್ಟೋ ವರ್ಷದ ಹೂವೆಲ್ಲ ಅಲ್ಲಿ ದಟ್ಟವಾಗಿ ಮೆತ್ತಿಕೊಂಡಿತ್ತು, ನಡುನಡುವೆ ಯಾರದೋ ಒಂಟಿ ಚಪ್ಪಲಿ, ಯಾರದೋ ಹಲ್ಲಿನ ಸೆಟ್ಟು. ನಾನು ಚೆಂಡುಹೂವಿನ ನಡುವೆ ಬೆನ್ನು ಊರಿ, ಕೆಳಗೆ ಎಲ್ಲೋ ಇರುವ ನೆಲವನ್ನು ನೋಡಿದೆ.

“ಇದ್ದೀರಾ?” ಎಂದು ಕೂಗಿದೆ.

“ಇದ್ದೀನಿ,” ಅಂದರು ಚಿದಂಬರಯ್ಯನವರು, ಬಾಗಿಲಿನಿಂದ.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂಗಿದೆ. ಇದ್ದೀನಿ ಅಂದರು. ಬೇಕಾಗಿರಲಿಲ್ಲ, ಆದರೂ ಮತ್ತೆ ಮತ್ತೆ ಕೂಗಿದೆ. ಕೇಳಿದಾಗಲೆಲ್ಲ ಒಬ್ಬರು ಇದ್ದೀನಿ ಅನ್ನುವುದರಲ್ಲಿ ಎಷ್ಟು ಖುಷಿ ಇದೆ ಅನ್ನುವುದು ನನಗೆ ಮರೆತೇಹೋಗಿತ್ತು. ಟೀಚರಮ್ಮಂದಿರು ನನ್ನನ್ನು ನೋಡಿ ನಕ್ಕರು, ನಾನೂ ನಕ್ಕೆ. ಎಲ್ಲ ಸರಿಯಾಗೇ ನಡೆದಿತ್ತು.

ಆಗ ಪಂಚೆ ಸಡಿಲವಾಯಿತು.

ಮೇಲಿನಿಂದ ನನಗೆ ಎಲ್ಲ ಕಾಣುತ್ತಿತ್ತು. ಮೊದಲು ಅವರು ಮೊಣಕೈಯಿಂದ ಸೊಂಟ ಒತ್ತಿ ಹಿಡಿದರು. ಆಮೇಲೆ ಎರಡು ಮಂಡಿಯೂ ಸೇರಿಸಿ ನಿಂತರು. ಆಮೇಲೆ ಬಾಗಿಲ ಚೌಕಟ್ಟಿಗೆ ಬೆನ್ನು ಒತ್ತಿದರು. ಹಗ್ಗ ಮಾತ್ರ ಬಿಡಲಿಲ್ಲ, ಅದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಪಂಚೆಯೂ ಹಠ ಬಿಡಲಿಲ್ಲ. ಕೊನೆಗೆ ಅಂಗಳದ ತುಂಬ ಜನ ನೋಡುತ್ತಿರುವಾಗ ಅವರು ಅಳುವ ದನಿಯಲ್ಲಿ, “ಪ್ರಫುಲ್ಲಮ್ಮ, ಒಂದೇ ಒಂದು ಗಳಿಗೆ ಇದನ್ನ ಹಿಡ್ಕೊ ತಾಯಿ” ಅಂದರು. ಮಾನ ಹೋಗುತ್ತಿರುವ ಮನುಷ್ಯ ಕೈ ಚಾಚಿದರೆ ಯಾರು ತಾನೇ ಇಲ್ಲ ಅಂದಾರು? ಅವಳು ಹಗ್ಗ ಇಸಿದುಕೊಂಡು ಸಂಕೋಚದಿಂದ ಮುಖ ಆಚೆ ತಿರುಗಿಸಿದಳು. ಅವರೂ ಸಂಕೋಚದಿಂದ ಜನರಿಗೆ ಮರೆಯಾಗಲು ಒಂದು ಹೆಜ್ಜೆ ಹಿಂದೆ ಸರಿದರು, ಇನ್ನೊಂದು ಹೆಜ್ಜೆ ಸರಿದರು. ಹಿಂದೆ ಹೊಸ್ತಿಲಿತ್ತು.

ಪಂಚೆ ಅವರ ಅಂಗಡಿಯ ಕೊಡೆಯ ಹಾಗೆ ಪಟಕ್ಕನೆ ಅರಳಿತು. ಒಳಗೆ ಪಟ್ಟೆಪಟ್ಟೆ ಚಡ್ಡಿ. ಸೊಂಟಕ್ಕೆ ಹಗ್ಗವಿಲ್ಲ, ಏನಿಲ್ಲ. ಅಂಗಳದಲ್ಲಿ ಹೋ ಎಂದು ನಗೆ ಎದ್ದಿತು. ನನ್ನ ಹಗ್ಗ ಅವರ ಮೂಗಿನ ಮುಂದೆಯೇ ಇತ್ತು, ಪುಣ್ಯಕ್ಕೆ ಒಂದು ಕೈಯಲ್ಲಿ ಅದನ್ನೂ ಒಂದು ಕೈಯಲ್ಲಿ ಪಂಚೆಯನ್ನೂ ಹಿಡಿದು, ಕಣ್ಣು ಮುಚ್ಚಿಕೊಂಡು ಸೀದಾ ನನ್ನ ಹತ್ತಿರಕ್ಕೆ ಬಂದರು. ನಾನು ಅವರ ಅಂಗಿಯ ಕಾಲರ್ ಹಿಡಿದುಕೊಂಡೆ.

“ಇದ್ದೀರಾ?” ಅಂದೆ.

“ಇದ್ದೀನಿ,” ಅಂದರು, ಕಣ್ಣು ತೆರೆಯದೆ. ನನಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ವಕೀಲರಿಗೆ ಎಚ್ಚರವಾಯಿತು.

ಕೆಳಗೆ ಪ್ರಫುಲ್ಲ ನಗುತ್ತಿರಲಿಲ್ಲ. “ಅಮ್ಮ, ನೋಡ್ದ್ಯಾ? ಹಗ್ಗ ಬಿಟ್ರು,” ಎಂದು ಕೂಗಿದಳು.

“ಬಿಟ್ಟಿಲ್ಲ ಕಣೇ, ನಿನ್ನ ಕೈಗೆ ಕೊಟ್ರು.”

“ಕೊಡೋದೂ ಒಂದೇ, ಬಿಡೋದೂ ಒಂದೇ. ಕೇಳು ಬೇಕಾದ್ರೆ ಈ ಸಾಹೇಬರನ್ನ.”

ದಸ್ತಗೀರ್ ಸಾಹೇಬರು ಗಡ್ಡ ನೀವಿಕೊಳ್ಳುತ್ತಾ ಬಹಳ ಹೊತ್ತು ಯೋಚಿಸಿದರು. “ಜಗ್ಗಲೂ ಇಲ್ಲ, ಹಗ್ಗ ನೆಲಕ್ಕೆ ಬೀಳಲೂ ಇಲ್ಲ. ಕೈ ಬದಲಾಯ್ತು. ನಮ್ಮಪ್ಪನ ಕಾಲದಲ್ಲೂ ಹಿಂಗಾಗಿಲ್ಲ, ಮಗಳೇ, ಇದಕ್ಕೆ ನನ್ನ ಹತ್ರ ನ್ಯಾಯ ಇಲ್ಲ. ಈಗ ಹಗ್ಗ ಯಾರ ಕೈಲಿದೆಯೋ ಅವರೇ ಹೇಳ್ಬೇಕು.”

“ಹೇಳೋದೇನಿದೆ? ಮಾತು ಆಗಿದೆ,” ಅಂದಳು ನನ್ನ ಮಗಳು. “ಅಮ್ಮ, ನಿನಗೆ ಆಟ ಮುಗಿದ ಮೇಲೆ ಸಾಕು ಅನ್ನು. ಇಳಿಸ್ಕೋತೀನಿ. ಮೂವರೂ ಊರಿಗೆ ಹೋಗಿ ನಮ್ಮ ನಮ್ಮ ಕೆಲಸ ನೋಡ್ಕೊಳ್ಳೋಣ.”

ನನ್ನ ನಗು ಅಲ್ಲಿಗೆ ನಿಂತಿತು. ಕರಾರಿಗೆ ಒಪ್ಪಿದವಳು ನಾನೇ. ಸಾಕು ಎಂದು ಬಾಯಿ ಬಿಟ್ಟ ಕೂಡಲೇ ಕೆಳಗೆ ಇಳಿಯಬೇಕು, ಇಳಿದ ಮೇಲೆ ಆ ಮಾತು ಎತ್ತುವ ಹಾಗಿಲ್ಲ. ಅನ್ನದೆ ಇರುವಷ್ಟು ಹೊತ್ತು ಮಾತ್ರ ನಾವಿಬ್ಬರೂ ಇಲ್ಲಿ ಹೀಗೆ ಇರಬಹುದು.

“ಬೇಕಂತ್ಲೇ ಮಾಡಿದ್ರಾ?” ಎಂದು ಅವರನ್ನು ಮೆಲ್ಲಗೆ ಕೇಳಿದೆ.

“ಈ ಪಂಚೆಯ ಆಣೆಗೂ ಇಲ್ಲ,” ಅಂದರು. ಅದು ಎಂಥ ಆಣೆಯೋ. ಇವತ್ತಿನವರೆಗೂ ನನಗೆ ಪೂರ್ತಿ ನಂಬಿಕೆ ಇಲ್ಲ.

ನಾನು ಒತ್ತಾಯ ಮಾಡಿದ ಮೇಲೆ ಒಂದು ಕಣ್ಣು ತೆರೆದರು, ಆಮೇಲೆ ಇನ್ನೊಂದು. ತೆರೆದವರು ಮತ್ತೆ ಮುಚ್ಚಲೇ ಇಲ್ಲ. “ಅಂಬುಜಮ್ನೋರೆ, ನಾನು ಉರುಳಲಾ?” ಅಂದರು. ಉರುಳಿ ಅಂದೆ. ಪಂಚೆಯನ್ನು ಕತ್ತಿಗೆ ಸುತ್ತಿಕೊಂಡು, ಒಂದು ಕೈಯಲ್ಲಿ ಹಗ್ಗ ಹಿಡಿದು ಒಂದು ಲಾಗ ಹಾಕಿದರು. ಅವರ ಜೇಬಿನಿಂದ ನನಗೆಂದು ತಂದಿದ್ದ ಕೊಬ್ಬರಿ ಮಿಠಾಯಿಯ ಪೊಟ್ಟಣ ಜಾರಿ ಬಿಚ್ಚಿಕೊಂಡಿತು, ಗುಲಾಬಿ ಬಣ್ಣದ ತುಂಡುಗಳು ನಮ್ಮ ಸುತ್ತ ಹಾರಾಡಿದವು. ನಾವು ಬಾಯಿಯಿಂದಲೇ ಹಿಡಿದು ತಿಂದೆವು. ಟೀಚರಮ್ಮಂದಿರಿಗೂ ಊದಿ ಕಳಿಸಿದೆವು. ಆ ಮನುಷ್ಯ ಅಷ್ಟು ಗಟ್ಟಿಯಾಗಿ ನಗಬಲ್ಲರು ಎಂದು ನನಗೆ ಗೊತ್ತಿರಲಿಲ್ಲ, ನಮ್ಮೂರಿಗೂ ಗೊತ್ತಿರಲಿಲ್ಲ.

ಕಿಂಡಿಗಳ ಬಿಸಿಲು ಹಳದಿಗೆ ತಿರುಗಿತು. ಒಬ್ಬೊಬ್ಬರೇ ಸಾಕು ಎನ್ನುತ್ತಾ ಇಳಿದರು. ವಕೀಲರನ್ನು ಎಳೆದುಕೊಂಡರು, ಟೀಚರಮ್ಮಂದಿರೂ ಹೋದರು. ನಾವಿಬ್ಬರೇ ಉಳಿದೆವು. ಕೆಳಗೆ ನೋಡಿದರೆ ಪ್ರಫುಲ್ಲ ಹಗ್ಗವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಳ್ಳುತ್ತಿದ್ದಳು, ಖಾಲಿಯಾದ ಕೈಯನ್ನು ಸೀರೆಗೆ ಉಜ್ಜುತ್ತಿದ್ದಳು. ಇಬ್ಬರ ಹಗ್ಗ, ಪಾಪ.

“ಅವಳ ಕೈ ನೋಯ್ತಿದೆ ಕಣ್ರೀ. ಸಾಕು ಅಂದ್ಬಿಡ್ತೀನಿ,” ಅಂದೆ.

“ಅನ್ನಿ,” ಅಂದರು ಚಿದಂಬರಯ್ಯನವರು. “ಹಗ್ಗ ಬಿಡದೆ ಹಿಡಿದ್ರೆ ಸಾಕು ಅಂತ ಬಂದಿದ್ದೆ. ಇಷ್ಟು ಸಿಕ್ಕಿತಲ್ಲ. ಆ ಹಸು ಮಾತ್ರ ಬೈಕೊಳ್ಳುತ್ತೆ.”

ಅದನ್ನು ಕೇಳಿ ನನಗೆ ದುಃಖ ಒತ್ತರಿಸಿ ಬಂತು. ಅಲ್ಲಿ ಕಣ್ಣೀರೂ ಕೆನ್ನೆಯ ಮೇಲೆ ಇಳಿಯುವುದಿಲ್ಲ, ಹಣೆಗೆ ಏರುತ್ತದೆ. “ನನಗೆ ಆಸೆ ಆಗ್ತಿದೆ,” ಅಂದೆ. “ಯಾರ ಹತ್ರಾನೂ ಹೇಳಿಲ್ಲ, ನಿಮ್ಮ ಹತ್ರ ಹೇಳ್ತೀನಿ. ಅವಳಪ್ಪ ಹೋದಾಗ ಅವಳು ಇಷ್ಟುದ್ದ ಇದ್ಲು. ಅವಳು ಹೆದರ್ಬಾರ್ದು ಅಂತ ನಾನು ಒಂದು ದಿನಾನೂ ಜೋರಾಗಿ ಅಳ್ಲಿಲ್ಲ. ಅಳದೆ ಇದ್ದು ಇದ್ದು ನಗೋದೂ ಬಿಟ್ಟೋಯ್ತು. ಊಟಕ್ಕೆ ಕೂತ್ರೂ ಸಾಕು, ಸೀರೆ ಅಂಗಡಿಗೆ ಹೋದ್ರೂ ಸಾಕು, ಎಲ್ಲದಕ್ಕೂ ನಾನೇ ಮೊದ್ಲು ಸಾಕು ಅಂದವಳು. ಇವತ್ತು ಒಂದು ದಿನ ಸಾಕು ಅನ್ನೋಕೆ ಬಾಯಿ ಬರ್ತಿಲ್ಲ. ಅವಳು ಬಾಗಿಲು ತಟ್ಟಿ ಬರ್ಬೇಕಾ ಅಂತ ಕೇಳಿದ್ಲು. ಹುಚ್ಚಿ. ಆ ಮನೆಗೆ ನಾನೇ ಬಾಗಿಲು ತಟ್ಟಿ ಹೋಗೋ ಕಾಲ ಬಂದ್ರೂ ಅವಳು ತಟ್ಟೋ ಹಾಗಿಲ್ಲ. ಆದ್ರೂ ಅವಳಿಗೆ ನೋವಾಗುತ್ತೆ ಅಂದ್ರೆ ನನಗೆ ಏನೂ ಬೇಡ. ಅವಳಿಗಿಂತ ಹೆಚ್ಚು ಏನಿದೆ ಹೇಳಿ ನನಗೆ.”

ಅವರು ತಮ್ಮ ಪಂಚೆಯ ತುದಿಯಿಂದ ನನ್ನ ಹಣೆ ಒರೆಸಿದರು.

ಆ ಗುಂಬಜಿನ ಕೆಳಗೆ ಪಿಸುಗುಟ್ಟಿದ ಮಾತೂ ಗೋಡೆ ಹಿಡಿದು ಇಳಿದು ಬಾಗಿಲಲ್ಲಿ ನಿಂತವರ ಕಿವಿಗೆ ಅಚ್ಚುಕಟ್ಟಾಗಿ ಬೀಳುತ್ತದೆ. ಹಳಬರಿಗೆಲ್ಲ ಗೊತ್ತಿರುವ ಸಂಗತಿ. ನಮಗೆ ಯಾರೂ ಹೇಳಿರಲಿಲ್ಲ.

ನಾನು ಉಸಿರು ಎಳೆದುಕೊಂಡು ಕೆಳಗೆ ಬಗ್ಗಿ, “ಪ್ರಫುಲ್ಲಾ, ಸಾ—” ಅಂದೆ.

“ಅಮ್ಮ, ಅನ್ಬೇಡ,” ಎಂದು ಕೂಗಿದಳು. ದನಿ ಒಡೆದಿತ್ತು. “ಸಾಕು ಅನ್ಬೇಡ ನೀನು. ಅಂದ್ರೆ ನಾನು ಇಳಿಸಿಕೊಳ್ಳಲ್ಲ.”

“ಕೈ ನೋಯುತ್ತಲ್ಲೇ?”

“ನೋಯ್ಲಿ ಬಿಡು. ನೀನು ಹಂಗೆ ನಗೋದನ್ನ ನಾನು ಕೇಳೇ ಇರ್ಲಿಲ್ಲಮ್ಮ.” ಆಮೇಲೆ ಮೂಗು ಎಳೆದುಕೊಂಡು ಗದರುವ ದನಿ ತಂದುಕೊಂಡಳು. “ನೀವೂ ಅಲ್ಲೇ ಇರಿ. ಆದ್ರೆ ಮೊದ್ಲು ಆ ಪಂಚೆ ಸರಿಯಾಗಿ ಕಟ್ಕೊಳ್ಳಿ. ಮುಂದಿನ ತಿಂಗಳು ಛತ್ರದಲ್ಲಿ ನಿಮ್ಮನ್ನ ಮದುವೆ ಗಂಡು ಅಂತ ನಿಲ್ಲಿಸೋಳು ನಾನು, ಮಾನ ಹೋಗೋದು ನನ್ನದು.”

ಚಿದಂಬರಯ್ಯನವರು ಗಡಿಬಿಡಿಯಲ್ಲಿ ಪಂಚೆ ಕೊಡವಿದರು, ಅದು ಇಬ್ಬರಿಗೂ ಮುಸುಕು ಹಾಕಿತು. ಒಳಗೆ ನಮಗೆ ಮತ್ತೆ ನಗು ಹತ್ತಿಕೊಂಡಿತು. ನಿಲ್ಲಿಸೋಣ ಅಂದಷ್ಟೂ ಬಂತು. ಕೆಳಗೆ ದಸ್ತಗೀರ್ ಸಾಹೇಬರು ನನ್ನ ಮಗಳಿಗೆ ಕೂರಲು ಒಂದು ಮಣೆ ತಂದಿಟ್ಟರು, ಯಾರೋ ಚಹಾ ತಂದು ಅವಳ ಬಾಯಿಗೆ ಹಿಡಿದರು. ಬಾಗಿಲು ಹಾಕುವ ಹೊತ್ತಿನವರೆಗೂ ಅವಳು ಒಂದು ಸಲವೂ ಹಗ್ಗ ಜಗ್ಗಲಿಲ್ಲ.